ಹುಲ್ಲಿನ ಕರುವೂ ಅದರ ತಮ್ಮನೂ

ನಾನು ಸೊಸೆಯಾಗಿ ಕೆಂಪಾಪುರಕ್ಕೆ ಬಂದ ಎರಡನೆಯ ವರ್ಷ ನನಗೆ ಎರಡು ಕೂಸುಗಳಿವೆ ಎಂದು ಊರಿನ ಹೆಂಗಸರು ನಗಾಡುತ್ತಿದ್ದರು. ಒಂದು ಐದು ತಿಂಗಳ ನನ್ನ ಮಗಳು. ಇನ್ನೊಂದು ಹುಲ್ಲು ತುಂಬಿ ಹೊಲಿದ ಕರು. ಬೆಳಕು ಹರಿಯುವ ಹೊತ್ತಿಗೆ ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ, ಹುಲ್ಲಿನ ಕರುವನ್ನು ಕಂಕುಳಿಗೆ ಇರುಕಿಕೊಂಡು, ಸೀಮೆ ಹಸುವಿನ ಹಗ್ಗ ಹಿಡಿದು ಹೆಬ್ಬಾಳದ ಸರ್ಕಾರಿ ಕ್ವಾರ್ಟರ್ಸಿನ ಕಡೆಗೆ ಹೊರಡುತ್ತಿದ್ದೆ. ಅವು ಐವತ್ತರ ದಶಕದ ನಡುವಿನ ವರ್ಷಗಳು.

ಈಗಿನವರಿಗೆ ಹೇಳಿದರೆ ಅಜ್ಜಿ ಕಥೆ ಕಟ್ಟುತ್ತಿದ್ದಾಳೆ ಅಂತಾರೆ. ಆಗ ನಮ್ಮ ಕಡೆ ಹಾಲು ಮನೆ ಬಾಗಿಲಿಗೆ ಬರುತ್ತಿರಲಿಲ್ಲ, ಹಸುವೇ ಬರುತ್ತಿತ್ತು. ಕೊಳ್ಳುವವರ ಕಣ್ಣೆದುರಿಗೇ ಕರೆಯಬೇಕು. ಕರೆಯುವ ಮೊದಲು ಪಾತ್ರೆಯನ್ನು ಬೋರಲು ಹಾಕಿ ತೋರಿಸಬೇಕು, ತಳದಲ್ಲಿ ನೀರಿಟ್ಟುಕೊಂಡು ಬಂದಿದ್ದೇವೇನೋ ಎಂಬ ಅನುಮಾನ ಅವರಿಗೆ. ಅವರದೂ ತಪ್ಪಿಲ್ಲ ಬಿಡಿ, ನೀರು ಬೆರೆಸದ ಹಾಲಿನವನು ಹುಟ್ಟೇ ಇಲ್ಲ ಅಂತ ನಮ್ಮತ್ತೆಯೇ ಹೇಳುತ್ತಿದ್ದರು. ಆದರೆ ಹಸುವಿನದೂ ಒಂದು ಹಟವಿತ್ತು. ಕರು ಎದುರಿಗಿಲ್ಲದೆ ಅದು ಕೆಚ್ಚಲಿಗೆ ಹಾಲು ಇಳಿಸುತ್ತಿರಲಿಲ್ಲ. ಕರು ಸತ್ತುಹೋಗಿದ್ದರೆ ಅದರ ತೊಗಲಿಗೆ ಉಪ್ಪು ಸವರಿ ಒಣಗಿಸಿ, ಒಳಗೆ ಹುಲ್ಲು ತುರುಕಿ, ದಬ್ಬಣದಲ್ಲಿ ಹೊಲಿದು, ಹಸುವಿನ ಮುಂದಿಡುವುದು ಹಾಲು ಮಾರುವವರ ಪದ್ಧತಿ. ಹಸು ಅದನ್ನು ಮೂಸಿ, ನೆಕ್ಕಿ, ಹಾಲು ಬಿಡುತ್ತಿತ್ತು. ಬೆಂಗಳೂರಿನ ಬೀದಿಗಳಲ್ಲಿ ಅಂಥ ಎಷ್ಟೋ ಹುಲ್ಲಿನ ಕರುಗಳು ಹಾಲಿನವರ ಹೆಗಲೇರಿ ತಿರುಗುತ್ತಿದ್ದವು.

ನಮ್ಮ ಹುಲ್ಲಿನ ಕರುವಿಗೆ ಕಣ್ಣಿರಲಿಲ್ಲ. ಕಣ್ಣಿನ ಜಾಗದಲ್ಲಿ ಅತ್ತೆ ಹಾಕಿದ ಎರಡು ಹೊಲಿಗೆಗಳಿದ್ದವು. ಕಾಲುಗಳಿಗೆ ಮೊಳದುದ್ದದ ಕಡ್ಡಿ. ಅದನ್ನು ಹೊಸದಾಗಿ ಹೊತ್ತ ವಾರ ನನಗೆ ಊಟ ಸೇರಲಿಲ್ಲ. ಆಮೇಲೆ ಅಭ್ಯಾಸವಾಯಿತು. ಮನುಷ್ಯರಿಗೆ ಯಾವುದು ಅಭ್ಯಾಸವಾಗುವುದಿಲ್ಲ ಹೇಳಿ.

ಆ ಕರು ಸತ್ತದ್ದು ಹೇಗೆ ಎಂದು ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಒಂದು ನಾಟಿ ಹಸುವಿತ್ತು, ಒಂದು ಸೀಮೆ ಹಸುವಿತ್ತು. ನಾಟಿ ಹಸುವಿನ ನಾಲ್ಕು ಮೊಲೆಗಳಲ್ಲಿ ಒಂದನ್ನು ಯಾರೂ ಮುಟ್ಟಕೂಡದು, ಅದು ಕರುವಿನ ಪಾಲು. ಅತ್ತೆಯ ಅತ್ತೆಯ ಕಾಲದಿಂದ ಬಂದ ಕಟ್ಟಳೆ ಅದು. ಆ ಹಸುವಿಗೆ ಹೋರಿಗರು ಹುಟ್ಟಿದರೆ ಮನೆಗೆ ಮಗ ಹುಟ್ಟಿದಷ್ಟೇ ಸಂಭ್ರಮ, ನಾಳೆ ನೊಗ ಹೊರುವವನು ಎಂದು. ಆದರೆ ಸೀಮೆ ಹಸುವಿನ ಹೋರಿಗರುವಿನ ಹೆಗಲ ಮೇಲೆ ಡುಬ್ಬವಿರುವುದಿಲ್ಲ. ಡುಬ್ಬವಿಲ್ಲದ ಮೇಲೆ ನೊಗ ನಿಲ್ಲುವುದಿಲ್ಲ. ನೊಗ ನಿಲ್ಲದ ಎತ್ತು ಒಕ್ಕಲಿಗನ ಮನೆಯಲ್ಲಿ ಏಕೆ? ಹಾಗಾಗಿ ಸೀಮೆ ಹಸುವಿಗೆ ಆ ಕಟ್ಟಳೆ ಇರಲಿಲ್ಲ. ಕರುವನ್ನು ಒಂದು ಗಳಿಗೆ ಬಾಯಿ ಹಾಕಲು ಬಿಟ್ಟು, ಹಾಲು ಇಳಿದ ಕೂಡಲೇ ಎಳೆದು ತಾಯಿಯ ಮುಂಗಾಲಿಗೆ ಕಟ್ಟಿ, ನಾಲ್ಕು ಮೊಲೆಗಳನ್ನೂ ಬರಿದಾಗುವವರೆಗೆ ಕರೆಯುವುದು. ಆಮೇಲೆ ಬಿಟ್ಟರೆ ಕರು ಕೆಚ್ಚಲನ್ನು ಗುದ್ದಿ ಗುದ್ದಿ ಬಾಯಿ ತುಂಬಾ ನೊರೆ ಮಾಡಿಕೊಂಡು ನಿಲ್ಲುತ್ತಿತ್ತು. ನೊರೆ ಕಂಡವರಿಗೆ ಹೊಟ್ಟೆ ತುಂಬ ಕುಡಿದಿದೆ ಅನಿಸುತ್ತಿತ್ತು.

ನನ್ನ ಗಂಡ ಯಶವಂತಪುರದ ರೈಲು ಹಳಿಯ ಕೆಲಸಕ್ಕೆ ನಸುಕಿನಲ್ಲೇ ಹೋಗಿಬಿಡುತ್ತಿದ್ದುದರಿಂದ ಕರೆಯುವುದು ನನ್ನ ಪಾಲಿಗೆ ಬಂದಿತ್ತು. ಎಳೆದದ್ದು ನನ್ನ ಕೈ, ಕಟ್ಟಿದ್ದು ನನ್ನ ಕೈ. ಎರಡು ತಿಂಗಳು ತುಂಬುವ ಮೊದಲೇ ಕರು ಕೊಟ್ಟಿಗೆಯಲ್ಲಿ ಮಲಗಿದ್ದು ಏಳಲಿಲ್ಲ.

ಅತ್ತೆ ಕೆಟ್ಟವರು ಎಂದುಕೊಳ್ಳಬೇಡಿ. ನನಗೆ ಎದೆಹಾಲು ಕಡಿಮೆಯಾಗಬಾರದು ಎಂದು ದಿನಾ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ತಿನ್ನಿಸುತ್ತಿದ್ದರು. ಚಿಕ್ಕಬಾಣಾವರದ ನನ್ನ ತವರಿನಲ್ಲೂ ಅಷ್ಟು ಆರೈಕೆ ಆಗುತ್ತಿರಲಿಲ್ಲ. ಸಂಕ್ರಾಂತಿಯ ದಿನ ದನಗಳ ಮೈ ತೊಳೆದು ಅರಿಶಿನ ಕುಂಕುಮ ಹಚ್ಚುವಾಗ, ಅಟ್ಟದ ಮೇಲಿದ್ದ ಹುಲ್ಲಿನ ಕರುವನ್ನೂ ಕೆಳಗಿಳಿಸಿ ಅದರ ಹಣೆಗೂ ಒಂದು ಬೊಟ್ಟು ಇಟ್ಟರು. ನನಗೆ ನಗು ಬಂತು, ತಕ್ಷಣವೇ ಅಳುವೂ ಬಂತು. ದನಕ್ಕೆ ಹೆಸರಿಡುವುದು ಮಾತ್ರ ಅವರಿಗೆ ಆಗದು. "ಎಸ್ರಿಟ್ರೆ ಕೊಡೋವಾಗ ಒಟ್ಟೆ ಉರೀತದೆ ಕಣೆ" ಎನ್ನುತ್ತಿದ್ದರು.

ಕ್ವಾರ್ಟರ್ಸಿನಲ್ಲಿ ನಮಗೆ ಮೂರು ವರ್ತನೆ ಮನೆಗಳಿದ್ದವು, ಅಂದರೆ ದಿನಾ ತಪ್ಪದೆ ನಮ್ಮಲ್ಲೇ ಹಾಲು ಕೊಳ್ಳುವ ಮನೆಗಳು. ಕೊನೆಯ ಮನೆಯ ಅಮ್ಮಾವ್ರ ಗಂಡ ಯಾವುದೋ ಕಚೇರಿಯಲ್ಲಿ ಸಾಹೇಬರು. ಮಕ್ಕಳಿರಲಿಲ್ಲ, ಒಂದು ಬಿಳಿ ನಾಯಿಯಿತ್ತು. ಆ ಅಮ್ಮಾವ್ರು ಕಾಂಪೌಂಡಿನ ಮೇಲೆ ಗುಬ್ಬಚ್ಚಿಗಳಿಗೆ ನುಚ್ಚು ಹಾಕುತ್ತಿದ್ದರು, ಬೇಸಿಗೆಯಲ್ಲಿ ಮಡಕೆಯ ಚೂರಿನಲ್ಲಿ ನೀರಿಡುತ್ತಿದ್ದರು. ಒಮ್ಮೆ ಗೇಟಿನ ಮುಂದೆ ಕುದುರೆಗೆ ಬಾರುಕೋಲಿನಲ್ಲಿ ಬಾರಿಸುತ್ತಿದ್ದ ಜಟಕಾದವನನ್ನು ನಿಲ್ಲಿಸಿ, "ಇಳಿಯೋ ಕೆಳಗೆ! ನೀನು ಎಳಿ, ಅದು ಮೇಲೆ ಕೂತ್ಕೊಳ್ಳಲಿ" ಎಂದು ಗದರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಆ ಮಾತಿಗೆ ನನಗೆ ಅವರ ಮೇಲೆ ಪ್ರೀತಿಯೇ ಹುಟ್ಟಿತ್ತು. ನಮ್ಮ ಊರಿನಲ್ಲಿ ಪ್ರಾಣಿಯ ಪರವಾಗಿ ಹಾಗೆ ಬೀದಿಗಿಳಿದು ಜಗಳವಾಡಿದವರನ್ನು ನಾನು ನೋಡಿರಲಿಲ್ಲ.

ಹುಲ್ಲಿನ ಕರುವನ್ನು ಮೊದಲ ಸಲ ಅವರ ಅಂಗಳದಲ್ಲಿ ನಿಲ್ಲಿಸಿದ ದಿನ ಅವರು ಚೊಂಬು ಹಿಡಿದು ಹೊರಗೆ ಬಂದವರು ಹಾಗೆಯೇ ನಿಂತುಬಿಟ್ಟರು.

"ಅಯ್ಯೋ! ಏನೇ ಇದು?"

"ಕರ ಸತ್ತೋಯ್ತು ಅಮ್ಮಾವ್ರೇ."

"ಹೇಗೆ ಸತ್ತಿದ್ದು?"

ನಾನು ಹಸುವಿನ ಕೆಚ್ಚಲು ತೊಳೆಯುತ್ತಾ ತಲೆ ಎತ್ತದೆ, "ರೋಗ ಬಂದಿತ್ತು" ಎಂದೆ.

ಅವರ ಕಣ್ಣಲ್ಲಿ ನೀರು ಬಂತು. ಸುಳ್ಳಲ್ಲ, ನಿಜವಾಗಿಯೂ ಬಂತು. "ಪಾಪ, ಆ ತಾಯಿಗೆ ಹೇಗೆ ಮೋಸ ಮಾಡ್ತೀರಿ ನೀವು. ನನ್ನ ಕೈಲಿ ನೋಡಕ್ಕಾಗಲ್ಲಮ್ಮ. ಇನ್ಮೇಲೆ ಅದನ್ನ ಹಿತ್ತಲ ಕಡೆ ತಗೊಂಡು ಹೋಗು, ಅಲ್ಲೇ ಕರೆದುಕೊಡು" ಎಂದರು. ಆಮೇಲೆ ಬಾಗಿಲೊಳಗೆ ಹೋಗುತ್ತಾ ತಿರುಗಿ, "ಮೂರು ಸೇರಿನ ಜೊತೆಗೆ ನಾಯಿಯ ಪಾವನ್ನೂ ಎಂದಿನ ಹಾಗೇ ಕೊಡು" ಎಂದರು.

ನನಗೆ ಸಿಟ್ಟು ಬಂದರೆ ಕಾಲುಂಗುರದಿಂದ ನೆತ್ತಿಯವರೆಗೂ ಬರುತ್ತದೆ. ಆ ದಿನ ಬಂತು. ಆದರೆ ಸುಳ್ಳು ಹೇಳಿದ ಬಾಯಿ ಸಿಟ್ಟನ್ನು ಹೇಗೆ ಆಡುತ್ತದೆ? ಸುಮ್ಮನೆ ಹಿತ್ತಲಿಗೆ ಹೋದೆ. ಹಸು ಹುಲ್ಲಿನ ಕರುವಿನ ಬೆನ್ನು ನೆಕ್ಕುತ್ತಿತ್ತು. ಪಕ್ಕದ ಮನೆಯಲ್ಲಿ ಯಾರದೋ ಕೂಸು ಅತ್ತ ಸದ್ದು ಕೇಳಿಸಿತು, ನನ್ನ ರವಿಕೆ ಒದ್ದೆಯಾಯಿತು. ಅಲ್ಲಿ ಕೆಂಪಾಪುರದಲ್ಲಿರುವ ನನ್ನ ಮಗಳಿಗೆ ಬರಬೇಕಾದ ಹಾಲು ಇಲ್ಲಿ ಯಾರದೋ ಕೂಸಿನ ದನಿಗೆ ಬಂದಿತ್ತು. ಮೋಸ ಹೋಗುವುದು ಹಸು ಮಾತ್ರವಲ್ಲ ಅನ್ನುವುದು ನನಗೆ ಅಲ್ಲಿ ಕುಕ್ಕರುಗಾಲಿನಲ್ಲಿ ಕೂತಾಗ ತಿಳಿಯಿತು. ಆ ಗಳಿಗೆಯಲ್ಲೇ ಅಂದುಕೊಂಡೆ, ಇನ್ನೊಂದು ಕರು ಹುಟ್ಟಿದರೆ ಅದನ್ನು ಸಾಯಲು ಬಿಡುವುದಿಲ್ಲ ಎಂದು. ಅಂದುಕೊಳ್ಳುವುದಕ್ಕೆ ಖರ್ಚೇನು.

ವರ್ಷ ಕಳೆದು ಸೀಮೆ ಹಸು ಮತ್ತೆ ಈಯಿತು. ಮತ್ತೆ ಹೋರಿಗರು. ಹಣೆಯ ಮೇಲೆ ಕಾಸಗಲದ ಬಿಳಿ ಮಚ್ಚೆ, ಮಿಕ್ಕ ಮೈಯೆಲ್ಲ ಕಂದು. ಅತ್ತೆ ಒಂದು ಸಲ ಅದರ ಹಿಂದುಗಡೆ ನೋಡಿ, "ಗಂಡು" ಎಂದಷ್ಟೇ ಹೇಳಿ ಗಿಣ್ಣು ಕಾಯಿಸಲು ಹೋದರು. ಹುಲ್ಲಿನ ಕರು ಅಟ್ಟದ ಮೇಲೆಯೇ ಇತ್ತು. ಅದನ್ನು ಎಸೆಯೋಣವೇ ಎಂದು ನಾನು ಕೇಳಿದ್ದಕ್ಕೆ, "ಇರ್ಲಿ ಬುಡು, ತಿರ್ಗಾ ಬೇಕಾಯ್ತದೆ" ಎಂದರು.

ಎದುರು ಮಾತಾಡುವ ಧೈರ್ಯವಿರಲಿಲ್ಲ. ಆದ್ದರಿಂದ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಒಂದು ಉಪಾಯ ಮಾಡಿದೆ. ಗಿಣ್ಣಿನ ದಿನಗಳು ಮುಗಿದು ಕ್ವಾರ್ಟರ್ಸಿಗೆ ಹೋಗಲು ಶುರುವಾದ ಮೇಲೆ ಹಸುವಿನ ನಾಲ್ಕನೆಯ ಮೊಲೆಯನ್ನು ನಾನು ಕರೆಯಲೇ ಇಲ್ಲ. ಎಲ್ಲ ಮನೆಗಳೂ ಮುಗಿದು, ಹೆಬ್ಬಾಳದ ಕೆರೆ ಏರಿಯ ಹೊಂಗೆಮರದ ಹತ್ತಿರ ಬಂದ ಮೇಲೆ ಕರುವನ್ನು ಬಿಡುತ್ತಿದ್ದೆ. ಅದು ಬಾಲ ಎತ್ತಿಕೊಂಡು ಕುಡಿಯುವ ಚಂದವನ್ನು ಏನು ಹೇಳಲಿ! ಗುಟುಕು ಗುಟುಕಿನ ಸದ್ದು ಕೇಳುತ್ತಾ ಮರಕ್ಕೊರಗಿ ನಿಂತಿರುತ್ತಿದ್ದೆ. ಮನೆಗೆ ಬಂದರೆ ಅತ್ತೆ, "ಅಸ ಯಾಕೋ ಈ ಸಲ ಆಲು ಕಮ್ಮಿ ಮಾಡೈತೆ" ಎಂದು ಹಿಂಡಿ ಹೆಚ್ಚಿಸುತ್ತಿದ್ದರು. ನಾನು ಹ್ಞೂಂ ಎನ್ನುತ್ತಿದ್ದೆ. ಕಡಿಮೆಯಾದದ್ದನ್ನು ಕೊನೆಯ ಮನೆಯಲ್ಲಿ ಕಡಿಮೆ ಅಳೆಯುತ್ತಿದ್ದೆ, ಅವರೇ ಹೆಚ್ಚು ಕೊಳ್ಳುವವರಾದ್ದರಿಂದ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ತಿಳಿಯುವುದಿಲ್ಲವೇ?

ತಿಳಿದದ್ದು ಆ ಅಮ್ಮಾವ್ರಿಗೇ. ಜೀವಂತ ಕರು ಬಂದ ಮೇಲೆ ನಮಗೆ ಮತ್ತೆ ಮುಂಭಾಗದ ಅಂಗಳ ಸಿಕ್ಕಿತ್ತು. ಅವರು ಮೆಟ್ಟಿಲ ಮೇಲೆ ಕೂತು ಕಣ್ಣು ಪಿಳುಕಿಸದೆ ನೋಡುತ್ತಿದ್ದರು. ನಾನು ಹಾಲಿಗೆ ನೀರು ಬೆರೆಸುತ್ತೇನೆಂದು ಕಾಯುತ್ತಿದ್ದಾರೆ ಎಂದುಕೊಂಡಿದ್ದೆ. ಅವರು ಮೊಲೆ ಎಣಿಸುತ್ತಿದ್ದರು.

ಒಂದು ಬೆಳಿಗ್ಗೆ ಅತ್ತೆಯೂ ಸೊಪ್ಪಿನ ಬುಟ್ಟಿ ಹೊತ್ತು ನನ್ನ ಜೊತೆ ಬಂದಿದ್ದರು. ನಡೆಯಲು ಕಲಿತಿದ್ದ ನನ್ನ ಮಗಳು ಅಂಗಳದಲ್ಲಿ ಕರುವಿನ ಕಿವಿ ಹಿಡಿದು ನಿಂತಿದ್ದಳು. ಅಮ್ಮಾವ್ರು ಅತ್ತೆಯನ್ನು ಕಂಡದ್ದೇ ಶುರು ಮಾಡಿದರು.

"ನೋಡಮ್ಮಾ, ನೀವೇ ಬಂದಿದ್ದು ಒಳ್ಳೇದಾಯ್ತು. ನಿಮ್ಮ ಸೊಸೆ ಒಂದು ಮೊಲೆ ಮುಟ್ಟೋದೇ ಇಲ್ಲ. ಹತ್ತು ದಿನದಿಂದ ನೋಡ್ತಾನೇ ಇದೀನಿ. ನಮಗೆ ಅಳತೆ ಕಮ್ಮಿ ಮಾಡಿ, ಅದನ್ನ ಬೇರೆ ಯಾರಿಗೋ ಮಾರ್ಕೊಳ್ತಿದಾಳೆ."

ಅತ್ತೆ ಬುಟ್ಟಿ ಇಳಿಸಿದರು. ಬಗ್ಗಿ ಕೆಚ್ಚಲನ್ನು ಮುಟ್ಟಿ ನೋಡಿದರು. ಆಗಲೇ ಎರಡು ಮನೆಗೆ ಕರೆದಿದ್ದ ಮೂರು ಮೊಲೆ ಸಡಿಲವಾಗಿದ್ದವು, ಒಂದು ಬಿಗಿಯಾಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಏಕೆ?

"ಯಾರಿಗೆ ಮಾರ್ತಿದ್ದೀಯೇ?" ಎಂದರು. ದನಿ ಮೆತ್ತಗಿತ್ತು. ಅತ್ತೆ ಕೂಗಾಡಿದರೆ ಹೆದರಬೇಕಿಲ್ಲ, ಮೆತ್ತಗೆ ಮಾತಾಡಿದರೆ ಹೆದರಬೇಕು.

ಕಳ್ಳಿ ಅನ್ನಿಸಿಕೊಂಡದ್ದು ನನ್ನಿಂದ ತಡೆಯಲಾಗಲಿಲ್ಲ. ಒಂದು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದೆಲ್ಲ ಈಚೆಗೆ ಬಂತು.

"ಯಾರಿಗೂ ಮಾರ್ತಿಲ್ಲ. ಅದು ಕರೀನ ಪಾಲು. ಅಮ್ಮಾವ್ರೇ, ಓದ ಸಲದ ಕರ ರೋಗ ಬಂದು ಸಾಯ್ಲಿಲ್ಲ. ಅವತ್ತು ನಾನು ಸುಳ್ಳೇಳ್ದೆ. ಆಲಿಲ್ದೆ ಸತ್ತಿದ್ದು ಅದು. ನಾನೇ ಕರ್ದೆ, ನೀವು ಕುಡಿದ್ರಿ, ನಿಮ್ಮ ನಾಯೀನೂ ಕುಡೀತು. ಇದನ್ನೂ ಅಂಗೇ ಸಾಯಿಸ್ಬೇಕಾ ಏಳಿ, ಈಗ್ಲೇ ಆ ಮೊಲೇನೂ ಕರ್ದ್‌ಬುಡ್ತೀನಿ."

ನನ್ನ ದನಿಗೆ ಮಗಳು ಹೆದರಿ ಅಳತೊಡಗಿದಳು. ಅಮ್ಮಾವ್ರ ಮುಖ ಬಿಳಿಚಿಕೊಂಡಿತು. ಕೈಯಲ್ಲಿದ್ದ ಪಾತ್ರೆ ಸಮೇತ ಒಳಗೆ ಹೋಗಿಬಿಟ್ಟರು. ಅತ್ತೆ ನನ್ನ ರಟ್ಟೆಯನ್ನು ಚಿವುಟಿ, "ವರ್ತನೆ ಮನೆ ಕಳೆದ್ಯಲ್ಲೇ ಮುಂಡೇದೆ" ಎಂದು ಹಲ್ಲು ಕಡಿದರು. ನಾನೂ ಹಾಗೇ ಅಂದುಕೊಂಡೆ. ವರ್ತನೆ ಹೋಯಿತು, ಇನ್ನು ಕರುವೂ ಉಳಿಯುವುದಿಲ್ಲ. ಒಳ್ಳೆಯದು ಮಾಡಲು ಹೋಗಿ ಎರಡನ್ನೂ ಕಳೆದೆ ಎಂದುಕೊಳ್ಳುತ್ತಾ ಅಳುತ್ತಿದ್ದ ಮಗಳನ್ನು ಎತ್ತಿಕೊಂಡೆ.

ಅಮ್ಮಾವ್ರು ತಿರುಗಿ ಬಂದಾಗ ಕೈಯಲ್ಲಿ ಚಿಕ್ಕ ಪಾತ್ರೆಯಿತ್ತು.

"ನಾಯಿಗೆ ಅಂತ ತಗೋತಿದ್ದ ಪಾವು ಬೇಡ. ಅದು ಸಾರನ್ನ ತಿನ್ನತ್ತೆ. ಮೊಸರಿಗೆ ಅಂತ ತಗೋತಿದ್ದ ಪಾವೂ ಬೇಡ" ಎಂದು ನೆಲ ನೋಡುತ್ತಾ ಹೇಳಿದರು. ಆಮೇಲೆ ಅತ್ತೆಯ ಕಡೆ ನೋಡಿ, "ಆ ಮೊಲೆ ಮುಟ್ಟಬೇಡಿ. ನಾನು ದಿನಾ ನೋಡ್ತಾ ಇರ್ತೀನಿ" ಎಂದರು.

ನೋಡುವುದನ್ನು ಮಾತ್ರ ಬಿಡಲಿಲ್ಲ ನೋಡಿ! ಮೊದಲು ಮೊಲೆ ಬಿಟ್ಟಿದ್ದಕ್ಕೆ ಕಾವಲು, ಈಗ ಮುಟ್ಟಿದರೆ ಎಂದು ಕಾವಲು. ನೆನೆದರೆ ಈಗಲೂ ನಗು ಬರುತ್ತದೆ. ಅವರ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೇ ಇಳಿದುಹೋಯಿತು. ಅವರು ಕಲ್ಲೆದೆಯವರಲ್ಲ. ನಾನು ಮೊದಲ ದಿನವೇ ನಿಜ ಹೇಳಿದ್ದರೆ ಮೊದಲ ದಿನವೇ ಈ ಚಿಕ್ಕ ಪಾತ್ರೆ ಬರುತ್ತಿತ್ತೋ ಏನೋ. ಆ ಯೋಚನೆ ನನ್ನನ್ನು ಎಷ್ಟೋ ವರ್ಷ ಕೊರೆದಿದೆ.

ಹಿಂದಿರುಗುವಾಗ ಅತ್ತೆ ಕೆರೆ ಏರಿಯವರೆಗೆ ಮುಂದೆ ಮುಂದೆ ನಡೆದರು. ಹಸು ನೀರು ಕುಡಿಯಲು ಇಳಿಯಿತು. ನಾನು ಕದ್ದು ನಿಲ್ಲುತ್ತಿದ್ದ ಹೊಂಗೆಮರದ ಕೆಳಗೆ ಅವರೇ ಹೋಗಿ ಕೂತರು, ಕರುವಿನ ಹಗ್ಗ ಬಿಚ್ಚಿದರು.

"ನಿನ್ನ ಗಂಡ ಕೂಸಾಗಿದ್ದಾಗ ನಂಗೆ ಒಂದು ತೊಟ್ಟು ಆಲು ಬರ್ಲಿಲ್ಲ ಕಣೆ" ಎಂದರು. "ನಾಟಿ ಅಸೀನ ಆಲು ಕುಡ್ಸಿ ಬದುಕ್ಸ್‌ದೆ. ಕಟ್ಟಳೆ ಗಿಟ್ಟಳೆ ಏನೂ ನೋಡ್ಲಿಲ್ಲ, ನಾಕೂ ಮೊಲೆ ಕರ್ದೆ. ಅದ್ರ ಕರ ಏನಾಯ್ತು ಅಂತ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಕಳ್ಲಿಲ್ಲ."

ಕರು ಕುಡಿಯುವುದನ್ನು ನೋಡಿ, "ಇನ್ಮೇಲೆ ಇದ್ಕೂ ಒಂದು ಮೊಲೆ" ಎಂದು ಎದ್ದರು. ಅದಾದ ಮೇಲೆ ಮೂರು ದಿನ ನನ್ನೊಡನೆ ಮಾತು ಬಿಟ್ಟರು, ಪರರ ಎದುರು ಮಾನ ಕಳೆದೆ ಎಂದು. ನನಗೆ ಬೇಜಾರಾಗಲಿಲ್ಲ. ಕರು ಕುಡಿಯುತ್ತಿತ್ತು, ಅಷ್ಟು ಸಾಕಿತ್ತು.

ಕರು ಬೆಳೆದು ದೊಡ್ಡ ಎತ್ತಾಯಿತು. ಆನೆಮರಿಯ ಮೈ, ಹಸುಗೂಸಿನ ಬುದ್ಧಿ. ಕೆಲಸವಿಲ್ಲ, ಮೇವು ಮಾತ್ರ ಇಬ್ಬರದ್ದು. ಊರಿನವರು, "ಡುಬ್ಬ ಇಲ್ಲದ ಬಸಪ್ಪನ್ನ ಪೂಜೆ ಮಾಡಕ್ಕೆ ಇಟ್ಕಂಡಿದ್ದೀರಾ?" ಎಂದು ರೇಗಿಸುತ್ತಿದ್ದರು. ಕೊಂಡುಕೊಳ್ಳುವವರು ಮನೆಗೆ ಬಂದು ಅದರ ತೊಡೆ ಹಿಸುಕಿ ನೋಡಿ ಹೋಗುತ್ತಿದ್ದರು, ಉಳುವುದಕ್ಕಲ್ಲ ಎಂದು ಎಲ್ಲರಿಗೂ ಗೊತ್ತು. ಅತ್ತೆ ಇವತ್ತು ನಾಳೆ ಎಂದು ಮುಂದೂಡುತ್ತಿದ್ದರು. ಕೊನೆಗೆ ಹುಲ್ಲು ಸಾಗಿಸುವ ಒಂಟೆತ್ತಿನ ಗಾಡಿಗೆ ಕಟ್ಟಿ ನೋಡೋಣ, ಆಗದಿದ್ದರೆ ಕೊಡುವುದೇ ಸರಿ ಎಂದು ನನ್ನ ಗಂಡ ಹೇಳಿದರು. ಕಟ್ಟಿದರು. ಎತ್ತು ಎಳೆಯಿತು, ಆದರೆ ನೊಗ ಜಾರಿ ಜಾರಿ ಕತ್ತಿಗೆ ಬಂದು, ನಾಲ್ಕು ದಿನಕ್ಕೆ ತೊಗಲು ಸುಲಿದು ಕೆಂಪಾಯಿತು. ನಾನು ಅರಿಶಿನ ಬೆಣ್ಣೆ ಹಚ್ಚುತ್ತಾ ಅತ್ತೆಯ ಮುಖ ನೋಡಿದೆ. ಇನ್ನೇನು, ಕೊಟ್ಟುಬಿಡುತ್ತಾರೆ.

ಅತ್ತೆ ಏಣಿ ಹಾಕಿ ಅಟ್ಟ ಹತ್ತಿದರು. ಹುಲ್ಲಿನ ಕರುವನ್ನು ಕೆಳಗೆ ತಂದು ಜಗಲಿಯ ಮೇಲೆ ಇಟ್ಟುಕೊಂಡು, ತಾವೇ ಹಾಕಿದ್ದ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದರು. ಗಟ್ಟಿಯಾಗಿದ್ದ ತೊಗಲನ್ನು ನೀರಲ್ಲಿ ನೆನೆಸಿ, ಹೊಂಗೆ ಎಣ್ಣೆ ತಿಕ್ಕಿ ತಿಕ್ಕಿ ಎಂಟು ದಿನ ಮೆತ್ತಗೆ ಮಾಡಿದರು. ಆಮೇಲೆ ಅದರೊಳಗೆ ಹಳೆ ಗೋಣಿ, ಹೊಸ ಹುಲ್ಲು ತುಂಬಿ, ಎತ್ತಿನ ಹೆಗಲಿಗೆ ಸರಿಯಾಗಿ ಕೂರುವ ಹಾಗೆ ಒಂದು ಡುಬ್ಬ ಹೊಲಿದರು. ಅದೇ ದಬ್ಬಣ, ಅದೇ ಕೈ. ನಾನು ದಾರಕ್ಕೆ ಮೇಣ ಹಚ್ಚಿ ಕೊಡುತ್ತಿದ್ದೆ. ಹುಣ್ಣು ಮಾಗಿದ ಮೇಲೆ ಕಟ್ಟಿ ನೋಡಿದರೆ ನೊಗ ನಿಂತಿತು. ಕೊಳ್ಳುವವರು ಬರುವುದೂ ನಿಂತಿತು.

ಅರವತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಕ್ವಾರ್ಟರ್ಸಿಗೆ ಸೀಸೆಯ ಹಾಲು ಬಂತು. ಬಾಯಿಗೆ ತೆಳ್ಳನೆಯ ತಗಡಿನ ಮುಚ್ಚಳ, ನೀರಿನ ಅನುಮಾನವಿಲ್ಲ, ಸಗಣಿಯ ಗಲೀಜಿಲ್ಲ. ಹಸು ಹೊಡೆದುಕೊಂಡು ಮನೆ ಮನೆಗೆ ಹೋಗುವುದು ತಾನಾಗಿಯೇ ನಿಂತುಹೋಯಿತು. ನನಗೂ ಕಾಲಿಗೆ ಸುಖವೇ ಆಯಿತು, ಸುಳ್ಳೇಕೆ ಹೇಳಲಿ.

ಒಂದು ಬೆಳಿಗ್ಗೆ ಅತ್ತೆ ಹುಲ್ಲಿನ ಹೊರೆಗಳ ಮೇಲೆ ಕೂತಿದ್ದರು, ನಾನು ಗಾಡಿ ಹೊಡೆಯುತ್ತಿದ್ದೆ. ಕ್ವಾರ್ಟರ್ಸಿನ ಗೇಟಿನ ಹತ್ತಿರ ಆ ಅಮ್ಮಾವ್ರು ಎರಡು ಹಾಲಿನ ಸೀಸೆ ಹಿಡಿದು ಬರುತ್ತಿದ್ದರು. ತಲೆಗೂದಲು ನರೆತಿತ್ತು. ಎತ್ತಿನ ಹಣೆಯ ಮಚ್ಚೆ ನೋಡಿ ನಿಂತರು.

"ಇದು ಅದೇ ಕರೂನಾ?"

"ಅದೇ ಅಮ್ಮಾವ್ರೇ."

ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ಸೀಸೆಗಳನ್ನು ಒಂದು ಕೈಗೆ ತೆಗೆದುಕೊಂಡು ಎತ್ತಿನ ಕತ್ತು ಸವರಿದರು. ಹೆಗಲ ಮೇಲಿನ ಡುಬ್ಬವನ್ನು ಮುಟ್ಟಿ, "ನೋವಾಗಬಾರದು ಅಂತ ಎಷ್ಟು ಮೆತ್ತಗೆ ಹೊಲ್ದಿದೀರಿ! ಯಾವ ತೊಗಲಮ್ಮ ಇದು?" ಎಂದು ಕೇಳಿದರು.

ನಾನು ಹಗ್ಗ ನೋಡುತ್ತಾ ಕೂತೆ. ಈ ಸಲವೂ ಒಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಹಿಂದಿನಿಂದ ಅತ್ತೆಯೇ ಹೇಳಿದರು.

"ಇದ್ರ ಅಣ್ಣಂದು ಕಣಮ್ಮ. ಇತ್ಲಿಗೆ ತಗಂಡೋಗು ಅಂದಿದ್ರಲ್ಲ, ಅದೇ ಕರ."

ಅವರ ಕೈ ನಿಂತಿತು. ತೆಗೆಯುತ್ತಾರೆ ಎಂದುಕೊಂಡೆ, ತೆಗೆಯಲಿಲ್ಲ. ಆಮೇಲೆ ಇನ್ನೊಂದು ಕೈಯಲ್ಲಿದ್ದ ಸೀಸೆಗಳನ್ನು ಎತ್ತಿ ನೋಡಿ, ನಮ್ಮನ್ನು ಕೇಳಿದರೋ ತಮ್ಮನ್ನೇ ಕೇಳಿಕೊಂಡರೋ, "ಈ ಹಾಲಿನ ಕರು ಎಲ್ಲಿರುತ್ತೋ" ಎಂದರು.

"ನಮ್ಮ ಕೊಟ್ಟಿಗೇದಾಗಿದ್ರೆ ಏಳ್ತಿದ್ದೆ ಕಣಮ್ಮ" ಎಂದರು ಅತ್ತೆ. "ಅದು ಯಾರ ಕೊಟ್ಟಿಗೇದೋ, ನಮ್ಗೇನು ಗೊತ್ತು."